ಉತ್ತರ: ಪ್ರೆಸೆಂಟ್ ಕಂಟಿನ್ಯುಯಸ್‌ಗೆ ಕನ್ನಡದಲ್ಲಿ ಏನನ್ನಬೇಕು? (7ನೇ ತರಗತಿ ಚಾರ್ಟಿಗೆ, ಅರ್ಜೆಂಟ್)

ಮೇಡಂ, "ಐ ಆ್ಯಮ್ ರೀಡಿಂಗ್" ಎಂಬಂಥ ಪ್ರೆಸೆಂಟ್ ಕಂಟಿನ್ಯುಯಸ್ ರೂಪಕ್ಕೆ ಕನ್ನಡ ಹೆಸರು ಕೇಳಿದ್ದೀರಿ, ಇಂಗ್ಲಿಷ್ ಪಾಠದ ಚಾರ್ಟು ನಾಳೆಯೇ ಗೋಡೆಗೆ ಏರಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಉತ್ತರ: "ನಡೆಯುತ್ತಿರುವ ವರ್ತಮಾನ" ಎಂದು ಬರೆಯಿರಿ. ನಿಮ್ಮ ಪ್ರಶ್ನೆಗೆ ಮೇಲೆ ಒಬ್ಬರು ಕೊಟ್ಟ "ಅಪೂರ್ಣ ವರ್ತಮಾನ" ಬೇಡ. ಅದು ಹಿಂದಿ ವ್ಯಾಕರಣದ ಹೆಸರು. ಏಳನೇ ಕ್ಲಾಸಿನ ಮಗು ಅದನ್ನು ಓದಿ ವಾಕ್ಯವೇ ಅರ್ಧಕ್ಕೆ ನಿಂತಿದೆ ಅಂದುಕೊಳ್ಳುತ್ತದೆ. "ಘಟಮಾನ ವರ್ತಮಾನ" ಎಂಬ ಹೆಸರು ಬಂಗಾಳಿಯವರದು, ಅವರಿಗೇ ಇರಲಿ.

"ವರ್ತಮಾನವೂ ಸಂಸ್ಕೃತವೇ ಅಲ್ವಾ, ಈಗಿನ ಹೊತ್ತು ಅನ್ನಿ" ಎಂದವರೇ, ಮಕ್ಕಳು ಕನ್ನಡ ಪಾಠದಲ್ಲಿ ಭೂತ, ವರ್ತಮಾನ, ಭವಿಷ್ಯತ್ ಕಲಿತು ಬಂದಿದ್ದಾರೆ. ಇಂಗ್ಲಿಷ್ ಪಾಠಕ್ಕೆ ಇನ್ನೊಂದು ಹೆಸರು ಇಟ್ಟರೆ ಎರಡನ್ನೂ ಬಾಯಿಪಾಠ ಮಾಡಬೇಕಾದವರು ಅವರು. ಕನ್ನಡ ವ್ಯಾಕರಣವನ್ನು ಸಂಸ್ಕೃತದ ಅಚ್ಚಿಗೆ ತುರುಕಿದ್ದಾರೆ ಎಂಬ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರ ತಕರಾರನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಆ ತಕರಾರು ಇರುವುದು ಭಾಷೆಯ ಕಟ್ಟಿನ ಬಗ್ಗೆ. ಬರೀ ಹೆಸರು ಬದಲಿಸಿ ಅದು ತೀರಿತು ಅನ್ನಬೇಡಿ.

ಹೆಸರಿಗಿಂತ ನನಗೆ ಭಯ ಹುಟ್ಟಿಸಿದ್ದು ನಿಮ್ಮ ಚಾರ್ಟಿನ ಎರಡನೇ ಸಾಲು. "ಕನ್ನಡದಲ್ಲಿ ‘ಉತ್ತಿದೆ, ಉತ್ತಿದ್ದೇನೆ’ ಬಂದ ಕಡೆಯೆಲ್ಲ ಆ್ಯಮ್, ಈಸ್, ಆರ್ ಹಾಕಿ ಕ್ರಿಯಾಪದಕ್ಕೆ ಇಂಗ್ ಸೇರಿಸಿ" ಎಂದಿದೆ. ದಯವಿಟ್ಟು ತೆಗೆಯಿರಿ. ಫೋನಿನಲ್ಲಿ ನಾವು "ಕೇಳಿಸ್ತಾ ಇಲ್ಲ" ಅನ್ನುತ್ತೇವೆ, ಹಿಂದಿನ ಬೆಂಚಿನಿಂದ "ಬೋರ್ಡ್ ಕಾಣ್ತಾ ಇಲ್ಲ" ಅನ್ನುತ್ತೇವೆ, ಲೆಕ್ಕ ನೋಡಿ "ಅರ್ಥ ಆಗ್ತಿಲ್ಲ" ಅನ್ನುತ್ತೇವೆ. ಮೂರೂ ಅಪ್ಪಟ ಕನ್ನಡ. ನಿಮ್ಮ ಸಾಲು ನಂಬಿದ ಮಗು "ಐ ಆ್ಯಮ್ ನಾಟ್ ಹಿಯರಿಂಗ್", "ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್" ಎಂದು ಬರೆಯುತ್ತದೆ. ಇಂಗ್ಲಿಷಿನವರು ಅಲ್ಲಿ "ಐ ಕಾಂಟ್ ಹಿಯರ್ ಯೂ", "ಐ ಡೋಂಟ್ ಅಂಡರ್‌ಸ್ಟ್ಯಾಂಡ್" ಅನ್ನುತ್ತಾರೆ. ನೋ (know), ವಾಂಟ್, ಬಿಲಾಂಗ್ ಕೂಡ ಇದೇ ಗುಂಪಿನವು. ಅವು ಕೆಲಸ ಹೇಳುವುದಿಲ್ಲ, ಇರುವ ಸ್ಥಿತಿ ಹೇಳುತ್ತವೆ. ಮಕ್ಕಳಿಗೆ ಇದನ್ನು ಕನ್ನಡದಿಂದಲೇ ತೋರಿಸಬಹುದು. ಗೊತ್ತು, ಬೇಕು, ಸಾಕು ಇವಕ್ಕೆ "ಉತ್ತಿದೆ" ಹಚ್ಚಿ ನೋಡಿ ಎನ್ನಿ. "ಬೇಕುತ್ತಿದೆ" ಎಂದು ಹೇಳಿ ತರಗತಿಯೆಲ್ಲ ನಗುತ್ತದೆ. ಆ ನಗು ನಿಲ್ಲುವ ಮೊದಲೇ "ಐ ಆ್ಯಮ್ ವಾಂಟಿಂಗ್" ಬರೆದು, ಇದೂ ಹಾಗೆಯೇ ಎಂದು ತೋರಿಸಿ. ಹ್ಯಾವ್ ಒಂದೇ ಸ್ವಲ್ಪ ಜಾಸ್ತಿ ಗೋಜಲು: "ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್" ತಪ್ಪು, "ಐ ಆ್ಯಮ್ ಹ್ಯಾವಿಂಗ್ ಲಂಚ್" ಸರಿ. ಊಟ ಮಾಡುವುದು ಕೆಲಸ, ಅಣ್ಣತಮ್ಮಂದಿರು ಇರುವುದು ಕೆಲಸವಲ್ಲ.

"ನಾಳೆ ಹುಬ್ಬಳ್ಳಿಗೆ ಹೋಗ್ತಿದ್ದೀನಿ" ಅನ್ನುವಲ್ಲಿ ಎರಡೂ ಭಾಷೆ ಒಂದೇ ದಾರಿ ಹಿಡಿಯುತ್ತವೆ: ನಾಳಿನ ಮಾತಿಗೂ ಇಂಗ್ಲಿಷಿನಲ್ಲಿ "ಐ ಆ್ಯಮ್ ಗೋಯಿಂಗ್" ನಡೆಯುತ್ತದೆ. ಅದನ್ನು ಚಾರ್ಟಿಗೆ ಸೇರಿಸಲು ಮರೆಯಬೇಡಿ.

ಈಗ "ಕನ್ನಡಕ್ಕೆ ಈ ‘ಉತ್ತಿದೆ’ ರೂಪ ಬಂದದ್ದೇ ಇಂಗ್ಲಿಷಿನಿಂದ" ಎಂದ ಮಹನೀಯರಿಗೆ. ಶುದ್ಧ ಸುಳ್ಳು. ಚಾಲುಕ್ಯರ, ಹೊಯ್ಸಳರ ಶಾಸನಗಳನ್ನು ತೆರೆಯಿರಿ. "ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಮಿರೆ" ಎಂದು ಮತ್ತೆ ಮತ್ತೆ ಬರುತ್ತದೆ, ಅಂದರೆ ಸುಖವಾಗಿ ರಾಜ್ಯ ಆಳುತ್ತ ಇರಲು. ಗೆಯ್ಯುತ್ತಂ, ಅದಕ್ಕೆ ಇರ್. ಇವತ್ತಿನ "ಮಾಡುತ್ತ ಇದ್ದಾನೆ" ಅದೇ ಅಲ್ವಾ? ಆಗ ಇಲ್ಲಿ ಯಾವ ಇಂಗ್ಲಿಷಿನವನೂ ಇರಲಿಲ್ಲ. ಇನ್ನು ಇಂಗ್ಲಿಷಿನವರ ಕಥೆ ಕೇಳಿ. ಮನೆ ಕಟ್ಟಲಾಗುತ್ತಿದೆ ಅನ್ನುವುದಕ್ಕೆ ಅವರು 18ನೇ ಶತಮಾನದಲ್ಲಿ "ದ ಹೌಸ್ ಈಸ್ ಬಿಲ್ಡಿಂಗ್" ಎಂದೇ ಬರೆಯುತ್ತಿದ್ದರು. "ಈಸ್ ಬೀಯಿಂಗ್ ಬಿಲ್ಟ್" ಚಲಾವಣೆಗೆ ಬಂದಾಗ 19ನೇ ಶತಮಾನದ ಅವರ ಮಡಿವಂತರು ಭಾಷೆ ಕೆಟ್ಟಿತು ಎಂದು ಕೂಗಾಡಿದರು. ಇವತ್ತು ಅದನ್ನೇ ಶಾಲೆಯಲ್ಲಿ ಕಲಿಸುತ್ತಾರೆ.

ಎರವಲಿನ ಜಗಳ ಬೇಕೇ ಬೇಕು ಅನ್ನುವವರು ರಸ್ತೆಗೆ ಬನ್ನಿ. ಅಗೆದಿಟ್ಟ ಕಡೆಯೆಲ್ಲ "ಕಾಮಗಾರಿ ಪ್ರಗತಿಯಲ್ಲಿದೆ" ಎಂಬ ಬೋರ್ಡು. ‘ವರ್ಕ್ ಇನ್ ಪ್ರೋಗ್ರೆಸ್’ ಎಂಬುದನ್ನು ಪದಕ್ಕೆ ಪದ ಇಟ್ಟು ಇಳಿಸಿದ್ದು. ನಮ್ಮಲ್ಲಿ ಕೆಲಸ ಪ್ರಗತಿಯಲ್ಲಿ ಇರುವುದಿಲ್ಲ, ನಡೆಯುತ್ತದೆ. "ಕೆಲಸ ನಡೆಯುತ್ತಿದೆ" ಸಾಕು. ಬಸ್ಸು, ಬೋರ್ಡು ಎಂಬ ಪದ ಬಂದರೆ ಎದೆ ಬಡಿದುಕೊಳ್ಳುವವರು ಈ ವಾಕ್ಯದ ಮುಂದೆ ದಿನವೂ ಸುಮ್ನೆ ಹಾದುಹೋಗುತ್ತೀರಲ್ಲ, ನನಗೆ ಅದೇ ಸಿಟ್ಟು. ಬಸ್ಸು ಎಂಬ ಪದ ನಮ್ಮ ವಿಭಕ್ತಿ ಹಚ್ಚಿಕೊಂಡು ನಮ್ಮದಾಯಿತು. ಈ ವಾಕ್ಯ ಹಾಗಲ್ಲ, ನಮ್ಮ ಕ್ರಿಯಾಪದವನ್ನೇ ನುಂಗಿತು. "ಐ ಆ್ಯಮ್ ನಾಟ್ ಹಿಯರಿಂಗ್" ಕೂಡ ಇದೇ ಕಾಯಿಲೆ, ಹೊರಟ ದಿಕ್ಕು ಬೇರೆ ಅಷ್ಟೇ.

ಮೇಡಂ, ಶಾಲೆ ಯಾವ ಕಡೆಯದು ಎಂದು ನೀವು ಹೇಳಿಲ್ಲ. ಧಾರವಾಡದ ಕಡೆಯಾದರೆ "ಐ ಆ್ಯಮ್ ರೀಡಿಂಗ್" ಕೆಳಗೆ "ಓದುತ್ತಿದ್ದೇನೆ" ಜೊತೆಗೆ "ಓದಾಕತ್ತೀನಿ" ಎಂದೂ ಬರೆಯಿರಿ. ಪುಸ್ತಕದ ರೂಪಕ್ಕಿಂತ ಅದು ಮಕ್ಕಳಿಗೆ ಬೇಗ ಹತ್ತುತ್ತದೆ. ಕಲಬುರಗಿ, ಬೀದರ ಕಡೆ ಮನೆಯಲ್ಲಿ ಹೇಗೆ ಅನ್ನುತ್ತಾರೆ ಎಂದು ಅಲ್ಲಿಯವರು ಇವತ್ತು ರಾತ್ರಿಯೊಳಗೆ ತಿಳಿಸಿದರೆ ಅದನ್ನೂ ಸೇರಿಸಬಹುದು.