ಡೈವರ್ ಇಳಿಯಲಾಗದ ಆಳದಲ್ಲಿ ದೊಡ್ಡ ಪೈಪ್ ಜೋಡಿಸೋದು ಹೇಗೆ?

ಪೊನ್ನಂಪೇಟೆ_ಮೆಕ್ಯಾನಿಕಲ್:
ಎಲ್ಲರಿಗೂ ನಮಸ್ಕಾರ. ಕೊನೇ ವರ್ಷದ ಸೆಮಿನಾರಿಗೆ ಆಳಸಮುದ್ರದ ಪೈಪ್‌ಲೈನ್ ವಿಷಯ ತಗೊಂಡಿದ್ದೇನೆ. ಆಂಧ್ರ ಕರಾವಳಿಯಾಚೆ ಕೆಜಿ-ಡಿ6 ಅನ್ನೋ ಗ್ಯಾಸ್ ಬ್ಲಾಕಿನ ಆರ್ ಕ್ಲಸ್ಟರ್‌ನಲ್ಲಿ 2020ರ ಡಿಸೆಂಬರ್‌ನಿಂದ 2,000 ಮೀಟರಿಗೂ ಹೆಚ್ಚು ಆಳದಿಂದ ಗ್ಯಾಸ್ ಬರುತ್ತಿದೆ. ಸ್ಯಾಚುರೇಷನ್ ಡೈವಿಂಗ್ (ದಿನಗಟ್ಟಲೆ ಆಳದ ಒತ್ತಡದಲ್ಲೇ ಇದ್ದು ಮುಳುಗೋದು) ಮಾಡಿದರೂ ಮಾಮೂಲಿ ಕೆಲಸ 300 ಮೀಟರ್ ಆಸುಪಾಸಿಗೇ ನಿಲ್ಲುತ್ತದೆ. ಹಾಗಾದರೆ ಅಲ್ಲಿ ಪೈಪಿನ ತುದಿಯನ್ನು ಮ್ಯಾನಿಫೋಲ್ಡಿಗೆ (ಹಲವು ಪೈಪ್ ಒಂದಾಗುವ ಜೋಡಣೆ) ಸೇರಿಸೋದು ವೆಲ್ಡಿಂಗಿಂದಲೋ, ಫ್ಲೇಂಜ್-ಬೋಲ್ಟಿಂದಲೋ? ಎರಡು ತುದಿ 30 ಮೀಟರ್ ದೂರ ಇದ್ದರೆ ಮಧ್ಯದ ತುಂಡು ಸರಿಯಾಗಿ ಕೂರೋದು ಹೇಗೆ?

ಕುಶಾಲನಗರ_ಸಬ್‌ಸೀ:
ವೆಲ್ಡಿಂಗ್ ಅಲ್ಲ, ಸಾಮಾನ್ಯವಾಗಿ ಬೋಲ್ಟೂ ಅಲ್ಲ. ಪೈಪಿನ ಕೊನೆಗೆ ಪಿಎಲ್‌ಇಟಿ (ಪೈಪ್‌ಲೈನ್ ಎಂಡ್ ಟರ್ಮಿನೇಷನ್) ಅನ್ನೋ ಚೌಕಟ್ಟು ಇರುತ್ತದೆ, ಅದರ ಮೇಲೆ ನಯವಾಗಿ ಕಡೆದ ಹಬ್, ಅಂದರೆ ಕನೆಕ್ಟರ್ ಕೂರುವ ಅಂಚಿನ ಬಾಯಿ. ಮ್ಯಾನಿಫೋಲ್ಡಿನಲ್ಲೂ ಅಂಥದ್ದೇ ಹಬ್. ಎರಡರ ನಡುವೆ ಜಂಪರ್ ಅನ್ನೋ ಬಾಗಿದ ಉಕ್ಕಿನ ಪೈಪ್ ತುಂಡು ಕೂರುತ್ತದೆ. ಅದರ ಎರಡೂ ತುದಿಯಲ್ಲಿ ಕಾಲೆಟ್ ಅಥವಾ ಕ್ಲ್ಯಾಂಪ್ ಕನೆಕ್ಟರ್. ಕಾಲೆಟ್ಟಿನ ಉಕ್ಕಿನ ಬೆರಳುಗಳು ಹಬ್ಬಿನ ಅಂಚನ್ನು ಸುತ್ತಲೂ ಕಚ್ಚಿ ಹಿಡಿಯುತ್ತವೆ.

ನಿಜವಾದ ಕಷ್ಟ ಬಿಗಿಯೋದರಲ್ಲಿಲ್ಲ, ಅಳೆಯೋದರಲ್ಲಿದೆ. ಎರಡೂ ಹಬ್ ತಳದಲ್ಲಿ ಕೂತ ಮೇಲೇ ಅಳತೆ. ಆರ್‌ಒವಿ, ಅಂದರೆ ಮೇಲಿನಿಂದ ನಡೆಸುವ ನೀರೊಳಗಿನ ರೋಬಾಟ್, ಪ್ರತಿ ಹಬ್ಬಿನ ಮೇಲೂ ಧ್ವನಿ ಟ್ರಾನ್ಸ್‌ಪಾಂಡರ್ (ಧ್ವನಿ ಸಂಕೇತಕ್ಕೆ ಧ್ವನಿಯಲ್ಲೇ ಉತ್ತರಿಸುವ ಸಾಧನ) ಇಡುತ್ತದೆ. ನಡುವಿನ ದೂರ, ಆಳದ ವ್ಯತ್ಯಾಸ, ದಿಕ್ಕು, ಪ್ರತಿ ಹಬ್ ಎಷ್ಟು ವಾಲಿದೆ, ಎಲ್ಲವೂ ಬೇಕು. ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಆದರೆ ಉಷ್ಣತೆ, ಉಪ್ಪು, ಒತ್ತಡಕ್ಕೆ ತಕ್ಕಂತೆ ಬದಲಾಗುತ್ತದೆ. ಆ ವೇಗವನ್ನು ಬರೀ 1 ಮೀಟರ್ ತಪ್ಪು ಹಿಡಿದರೂ ನಿಮ್ಮ 30 ಮೀಟರಿಗೆ 20 ಮಿ.ಮೀ. ವ್ಯತ್ಯಾಸ. ಹಬ್ಬಿನ ವಾಲುವಿಕೆ ಅರ್ಧ ಡಿಗ್ರಿ ತಪ್ಪಿದರೆ 2 ಮೀಟರ್ ಎತ್ತರದಲ್ಲಿ ಇನ್ನೂ 17 ಮಿ.ಮೀ. ಅದಕ್ಕೇ ವೇಗವನ್ನು ಅದೇ ಜಾಗದಲ್ಲಿ ಅಳೆಯುತ್ತಾರೆ, ಎರಡೂ ಕಡೆಯಿಂದ ಓದಿ ತಾಳೆ ನೋಡುತ್ತಾರೆ.

ಆ ಅಳತೆಗೆ ತಕ್ಕಂತೆ ಜಂಪರನ್ನು ಯಾರ್ಡಿನಲ್ಲಿ ವೆಲ್ಡ್ ಮಾಡಿ, ಡಮ್ಮಿ ಹಬ್‌ಗಳ ಮೇಲೆ ಕೂರಿಸಿ ನೋಡಿ, ನೀರಿನ ಒತ್ತಡದ ಟೆಸ್ಟ್ ಮಾಡುತ್ತಾರೆ. ಆಮೇಲೆ ಸ್ಪ್ರೆಡರ್ ಬಾರ್‌ನಲ್ಲಿ ತೂಗಿ ಇಳಿಸೋದು. ಅಲೆಗೆ ಹಡಗು ಏರಿಳಿದರೂ ಜಂಪರ್ ಕುಲುಕದಂತೆ ಕ್ರೇನಿಗೆ ಹೀವ್ ಕಾಂಪೆನ್ಸೇಷನ್ ಇರುತ್ತದೆ. ಗೈಡಿಗೆ ಕೂತಮೇಲೆ ಹೈಡ್ರಾಲಿಕ್ ಸಿಲಿಂಡರ್‌ಗಳು ಕೊನೆಯ ಇಳಿತವನ್ನು ನಿಧಾನ ಮಾಡುತ್ತವೆ. ಇಲ್ಲದಿದ್ದರೆ ಸೀಲ್ ರಿಂಗು ಹಬ್ಬಿಗೆ ಬಡಿದು ಗೀರು ಬೀಳುತ್ತದೆ. ಆಮೇಲೆ ಆರ್‌ಒವಿ ಹಾಟ್ ಸ್ಟಾಬ್ (ಹೈಡ್ರಾಲಿಕ್ ಪ್ಲಗ್) ಚುಚ್ಚಿ ಹೈಡ್ರಾಲಿಕ್ ಕೊಟ್ಟು ಕನೆಕ್ಟರನ್ನು ಲಾಕ್ ಮಾಡುತ್ತದೆ.

ಸಿದ್ದಾಪುರ_ತೋಟ:
ಸರ್, ಕಾಫಿಗೆ ಹೂಮಳೆ ಕೈಕೊಟ್ಟರೆ ನಾವು ಸ್ಪ್ರಿಂಕ್ಲರ್ ಹಾಕುವ ಪೈಪಿನಲ್ಲೂ ಲ್ಯಾಚ್ ಇದೆ, ರಬ್ಬರ್ ರಿಂಗ್ ಇದೆ, ಕ್ಷಣದಲ್ಲಿ ಕೂಡುತ್ತದೆ. ತತ್ತ್ವ ಅದೇ ಅಲ್ವಾ?

ಕುಶಾಲನಗರ_ಸಬ್‌ಸೀ:
ಲ್ಯಾಚಿನ ಮಟ್ಟಿಗೆ ಹೌದು, ಸೀಲಿನ ಮಟ್ಟಿಗೆ ಅಲ್ಲ. ಸ್ಪ್ರಿಂಕ್ಲರಿನ ರಬ್ಬರ್ ಒಳಗಿನ ನೀರಿನ ಒತ್ತಡದಿಂದ ಬಿಗಿಯಾಗುತ್ತದೆ, ಪಂಪ್ ನಿಂತರೆ ಜಾಯಿಂಟಿನಲ್ಲಿ ನೀರು ಸೋರಿ ಹೋಗುತ್ತದೆ. 1,200 ಮೀಟರ್ ಆಳದಲ್ಲಿ ಹೊರಗಿನ ಸಮುದ್ರವೇ ಸುಮಾರು 120 ಬಾರ್ ಒತ್ತುತ್ತಿರುತ್ತದೆ. ಲೈನಿನ ಗ್ಯಾಸ್ ಒತ್ತಡ ಇಳಿಸಿದ ದಿನ ಸೀಲ್ ಹಿಮ್ಮುಖವಾಗಿಯೂ ತಡೆಯಬೇಕು. ಹಾಗಾಗಿ ಮುಖ್ಯ ಸೀಲ್ ಲೋಹದ್ದು, ಅದರ ಹೊರಗೆ ರಬ್ಬರಿನದೊಂದು. ಎರಡರ ನಡುವಿನ ಸಂದಿಗೆ ಆರ್‌ಒವಿ ಒತ್ತಡ ಕೊಟ್ಟು, ಕವಾಟ ಮುಚ್ಚಿ, ಗೇಜ್ ಇಳಿಯುತ್ತದೋ ನೋಡುತ್ತದೆ. ಇಳಿದರೆ ಜಂಪರನ್ನು ಸ್ವಲ್ಪ ಎತ್ತಿ ಸೀಲ್ ರಿಂಗ್ ಒಂದನ್ನೇ ಬದಲಿಸುವ ಟೂಲ್ ಇದೆ. ಇಡೀ ಜಂಪರ್ ಮೇಲೆ ತರಬೇಕಿಲ್ಲ.

ಸೋರಿದರೆ ಮೊದಲು ಅನುಮಾನಿಸಬೇಕಾದ್ದು ಕೊಳೆ. ಹಬ್ಬಿಗೆ ಮುಚ್ಚಿದ ಕ್ಯಾಪ್ ತೆಗೆದ ಮೇಲೆ ಅದರ ಮುಖ ತೊಳೆದು ಕ್ಯಾಮರಾದಲ್ಲಿ ನೋಡದೆ ಇಳಿಸಬಾರದು. ಒಂದು ಮರಳಿನ ಕಣ ಸಾಕು. ಕ್ಯಾಥೋಡಿಕ್ ರಕ್ಷಣೆಯಿಂದ (ಉಕ್ಕು ತುಕ್ಕು ಹಿಡಿಯದಂತೆ ವಿದ್ಯುತ್ತಿನಿಂದ ಕಾಯುವ ವಿಧಾನ) ಬೆಳೆಯುವ ಸುಣ್ಣದ ಪದರವೂ ಕ್ಯಾಪನ್ನು ಕಚ್ಚಿಕೊಳ್ಳುತ್ತದೆ, ಅದನ್ನು ಸೌಮ್ಯ ಆಮ್ಲದಿಂದ ಕರಗಿಸುತ್ತಾರೆ.

ವಿರಾಜಪೇಟೆ_ವೆಲ್ಡಿಂಗ್:
ಇದೆಲ್ಲ ಹಬ್ ಮೊದಲೇ ಇರುವ ಕಡೆ. ನಡುದಾರಿಯಲ್ಲಿ ಲೈನ್ ಹಾನಿಯಾದರೆ ಕೆಲಸವೇ ಬೇರೆ. ಎತ್ತುವ ಚೌಕಟ್ಟುಗಳಿಂದ ಪೈಪನ್ನು ತಳದಿಂದ ಮೇಲಕ್ಕೆತ್ತಿ, ಕೆಟ್ಟ ಭಾಗ ಕತ್ತರಿಸಿ, ತುದಿಯ ಕೋಟಿಂಗ್ ಪೂರ್ತಿ ಕೆರೆದು, ಹೊರಗಿನಿಂದ ಹಿಡಿಯುವ ರಿಪೇರಿ ಕನೆಕ್ಟರ್ ತೂರಿಸಬೇಕು. ಸೀಮ್ (ಉದ್ದುದ್ದ ವೆಲ್ಡ್ ಮಾಡಿದ ಜೋಡು) ಇರುವ ದೊಡ್ಡ ಪೈಪಿನಲ್ಲಿ ಉದ್ದಕ್ಕೂ ಉಬ್ಬಿರುವ ವೆಲ್ಡನ್ನು ಪೈಪಿನ ಮಟ್ಟಕ್ಕೆ ಗ್ರೈಂಡ್ ಮಾಡದಿದ್ದರೆ ಸೀಲ್ ಅಲ್ಲೇ ಸೋರುತ್ತದೆ. ತುದಿ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಕನೆಕ್ಟರ್ ತೂರೋದೇ ಇಲ್ಲ, ಹಾಗಾಗಿ ಕತ್ತರಿಸಿದ ತಕ್ಷಣ ವ್ಯಾಸವನ್ನು ಹಲವು ದಿಕ್ಕಿನಲ್ಲಿ ಅಳೆಯಬೇಕು.

ಪೊನ್ನಂಪೇಟೆ_ಮೆಕ್ಯಾನಿಕಲ್:
ತುಂಬಾ ಉಪಕಾರವಾಯ್ತು ಸರ್. ಕೊನೇ ಪ್ರಶ್ನೆ: ಜಂಪರ್ ನೇರ ಇಡದೆ ಯಾಕೆ ಬಾಗಿಸುತ್ತಾರೆ?

ಕುಶಾಲನಗರ_ಸಬ್‌ಸೀ:
ಬಿಸಿ ಗ್ಯಾಸ್ ಹರಿದಾಗ ಪೈಪ್ ಉದ್ದವಾಗುತ್ತದೆ. ತಡೆಯೇ ಇಲ್ಲದ 1 ಕಿ.ಮೀ. ಉಕ್ಕಿನ ಪೈಪ್ 50 ಡಿಗ್ರಿ ಬಿಸಿಯಾದರೆ ಸುಮಾರು 60 ಸೆಂ.ಮೀ. ಬೆಳೆಯುತ್ತದೆ. ಮಣ್ಣಿನ ಘರ್ಷಣೆ ಬಹುಪಾಲು ತಡೆದರೂ ತುದಿ ಸರಿಯುತ್ತದೆ. ಆ ಸರಿತವನ್ನೂ ಅಳತೆಯ ತಪ್ಪನ್ನೂ ಬಾಗುಗಳು ನುಂಗುತ್ತವೆ, ನೇರ ತುಂಡಾದರೆ ಪೂರಾ ಹೊರೆ ಕನೆಕ್ಟರಿಗೇ. ಆದರೆ ಬಾಗು ಹೆಚ್ಚಾದಷ್ಟೂ ಪ್ರವಾಹಕ್ಕೆ ಜಂಪರ್ ನಡುಗುತ್ತದೆ, ವೆಲ್ಡ್ ದಣಿಯುತ್ತದೆ. ಲೆಕ್ಕ ಎರಡಕ್ಕೂ ಮಾಡಿ.