ಪಿಎಂ ಕಿಸಾನ್ ಕಂತು: ನಿವೃತ್ತ ಕೃಷಿ ಅಧಿಕಾರಿಗೆ ಕೇಳಿ

ಶಿರಾ ಸದಸ್ಯ: ನಮಸ್ಕಾರ ಸಾರ್. ಈ ಸಲದ 2,000 ಬಂದಿಲ್ಲ. ಇ-ಕೆವೈಸಿ ಆಗಿದೆ, ಪಹಣಿ ನನ್ನ ಹೆಸರಲ್ಲೇ ಇದೆ.

ಅಧಿಕಾರಿ: ನಮಸ್ಕಾರ. ದುಡ್ಡು ಬರುವುದು ಆಧಾರ್ ನೋಡಿ, ನೀವು ಕೊಟ್ಟ ಪಾಸ್‌ಬುಕ್ ನೋಡಿ ಅಲ್ಲ. ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ ಹೋಗಿರುತ್ತದೆ. ಮೊಬೈಲ್ ಅಂಗಡಿಯಲ್ಲಿ ಯಾವುದಾದರೂ ಖಾತೆ ತೆರೆಸಿದ್ದಿರಾ, ನೆನಪು ಮಾಡಿಕೊಳ್ಳಿ.

ಹಿರಿಯೂರು ಸದಸ್ಯ: ನನಗೂ ಬಂದಿಲ್ಲ ಸಾರ್.

ಅಧಿಕಾರಿ: ಮೇಲಿನ ಉತ್ತರ ಓದಿ.

ಪಾವಗಡ ಸದಸ್ಯೆ: ಸಾರ್, ನಮ್ಮ ಮನೆಯವರು ತೀರಿಕೊಂಡು ಎರಡು ವರ್ಷ ಆಯ್ತು. ಅವರ ಖಾತೆಗೆ ಇನ್ನೂ ಕಂತು ಬರ್ತಿದೆ. ಎಟಿಎಂ ಕಾರ್ಡ್ ಮೈದುನನ ಹತ್ತಿರ ಇದೆ, ಅವನೇ ತೆಗೀತಾನೆ. ನನಗೆ ಮಾಡಿಸಿಕೊಳ್ಳಬಹುದಾ?

ಅಧಿಕಾರಿ: ತಾಯಿ, ನಿಧಾನವಾಗಿ ಓದಿ. ಕಂತು ಬರ್ತಿದೆ ಅಂದರೆ ಪಹಣಿಯ 9ನೇ ಕಾಲಂನಲ್ಲಿ ನಿಮ್ಮ ಯಜಮಾನರ ಹೆಸರಿದೆ. ಆ ಜಮೀನು, ಪಹಣಿ ಜಂಟಿಯಾಗಿದ್ದರೆ ಅದರಲ್ಲಿ ಅವರ ಪಾಲು, ನಿಮಗೆ ಮತ್ತು ಮಕ್ಕಳಿಗೆ ಸೇರಬೇಕು. ಅತ್ತೆ ಇದ್ದರೆ ಅವರಿಗೂ. ನೀವೆಲ್ಲ ಇರುವಾಗ ಮೈದುನನಿಗೆ ಅದರಲ್ಲಿ ಪಾಲಿಲ್ಲ.

ತೀರಿಕೊಂಡವರ ಹೆಸರಲ್ಲಿ ಬಂದ ಕಂತು ವಾಪಸ್ ಕಟ್ಟಬೇಕು. ಮರಣ ಪ್ರಮಾಣಪತ್ರ ಹಿಡಿದು ಮೊದಲು ಬ್ಯಾಂಕಿಗೆ ಹೋಗಿ, ಖಾತೆ ತಡೆಹಿಡಿಸಿ. ರೈತ ಸಂಪರ್ಕ ಕೇಂದ್ರಕ್ಕೂ ಬರೆದು ಕೊಡಿ. ಆಮೇಲೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿ. ಅದಕ್ಕೆ ಬೇಕಾಗುವ ವಂಶವೃಕ್ಷದಲ್ಲಿ ನಿಮ್ಮ, ಮಕ್ಕಳ ಹೆಸರು ಇದೆಯಾ ಅಂತ ಓದಿಸಿಕೊಳ್ಳದೆ ಎಲ್ಲೂ ಹೆಬ್ಬೆಟ್ಟು ಒತ್ತಬೇಡಿ. ಪಹಣಿ ಆದ ಮೇಲೆ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮದೇ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮಾಡಿಸಿ. ಬೆಳೆ ಪರಿಹಾರ ಬರುವುದೂ ಅದರ ಮೇಲೆಯೇ. 2019ರ ಫೆಬ್ರವರಿ 1 ಆದ ಮೇಲೆ ಜಮೀನು ಬಂದವರಿಗೆ ಪಿಎಂ ಕಿಸಾನ್ ಇಲ್ಲ ಅಂತ ಯಾರಾದರೂ ಹೇಳಿದರೆ, ಜಮೀನಿನವರು ತೀರಿಕೊಂಡು ವಾರಸಿನಿಂದ ಬಂದಿದ್ದಕ್ಕೆ ಆ ತಡೆ ಇಲ್ಲ ಅನ್ನಿ.

ಕೊರಟಗೆರೆ ಸದಸ್ಯ: ನಾನು, ನನ್ನ ಹೆಂಡತಿ, ಇಬ್ಬರಿಗೂ ಬೇರೆ ಬೇರೆ ಪಹಣಿ ಇದೆ.

ಅಧಿಕಾರಿ: ಗಂಡ, ಹೆಂಡತಿ, 18 ತುಂಬದ ಮಕ್ಕಳು ಸೇರಿ ಒಂದು ಕುಟುಂಬ. ಒಬ್ಬರಿಗೆ ಮಾತ್ರ.

ಚಳ್ಳಕೆರೆ ಸದಸ್ಯ: ಈ ಫೈಲ್ ಇನ್‌ಸ್ಟಾಲ್ ಮಾಡಿದರೆ ಬಾಕಿ ಕಂತೆಲ್ಲ ಒಟ್ಟಿಗೆ ಬರುತ್ತಂತೆ. ಎಲ್ಲರಿಗೂ ಕಳಿಸಿ. (ಪಿಎಂ ಕಿಸಾನ್.ಎಪಿಕೆ)

ಅಧಿಕಾರಿ: ಯಾರೂ ಒತ್ತಬೇಡಿ! ಅದು ಫೋನಿಗೆ ಬರುವ ಒಟಿಪಿ ಕದಿಯುವ ಫೈಲು. ಸರ್ಕಾರ ವಾಟ್ಸಾಪಿನಲ್ಲಿ ಎಪಿಕೆ ಕಳಿಸುವುದಿಲ್ಲ. ಆಗಲೇ ಒತ್ತಿದವರು ಡೇಟಾ ಆಫ್ ಮಾಡಿ, ಬೇರೆ ಫೋನಿನಿಂದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಸಲ ಹೇಳಬೇಕು? ಅಡ್ಮಿನ್, ಅಳಿಸಿ.

ಚಳ್ಳಕೆರೆ ಸದಸ್ಯ: ಯಾರೋ ಕಳಿಸಿದರು, ನಾನು ಸುಮ್ನೆ ಹಾಕಿದೆ. ಅದಕ್ಕೆ ಇಷ್ಟೊಂದಾ?

ಗುಬ್ಬಿ ಸದಸ್ಯೆ: ಸಾರ್, ನಮಗೆ ಸ್ವಂತ ಜಮೀನಿಲ್ಲ, ಗುತ್ತಿಗೆಗೆ ಮಾಡ್ತೀವಿ. ನಮಗೇನೂ ಬರಲ್ವಾ?

ಮಧುಗಿರಿ ಸದಸ್ಯ: ಮೊದಲು ಇದರ ಜೊತೆ ರಾಜ್ಯದ 4,000 ಬರ್ತಿತ್ತು. 2023ರಲ್ಲಿ ನಿಲ್ಲಿಸಿದ್ದು ಯಾರು?

ತಿಪಟೂರು ಸದಸ್ಯೆ: ತಿಂಗಳಿಗೆ 2,000 ಗೃಹಲಕ್ಷ್ಮಿ ನಿಮ್ಮ ಮನೆಗೆ ಬರಲ್ವಾ? ಅದನ್ನೂ ಹೇಳಿ.

ಮಧುಗಿರಿ ಸದಸ್ಯ: ಗೊಬ್ಬರಕ್ಕೆ ದುಡ್ಡು ಹಾಕೋನು ರೈತ.

ತಿಪಟೂರು ಸದಸ್ಯೆ: ಕಳೆ ಕೀಳೋಳು ರೈತ ಅಲ್ವಾ? ಮನೇಲಿ ನಿಮ್ಮ ಅಮ್ಮನ್ನ ಕೇಳಿ.

ಮಧುಗಿರಿ ಸದಸ್ಯ: ಅಮ್ಮನ ವಿಷಯ ಎತ್ತಬೇಡಿ.

ಗುಬ್ಬಿ ಸದಸ್ಯೆ: ಸಾರ್, ನನ್ನ ಪ್ರಶ್ನೆ?

ತುರುವೇಕೆರೆ ಸದಸ್ಯ: ನಂದೂ ಕಂತು ಬಂದಿಲ್ಲ.

ಅಧಿಕಾರಿ: ಮೇಲೆ ಓದಿ. ಜಗಳ ಬೇರೆ ಕಡೆ ಇಟ್ಟುಕೊಳ್ಳಿ.

ಪಾವಗಡ ಸದಸ್ಯೆ: ಸಾರ್, ಈಗ ವಿಚಾರಿಸಿದೆ. ವಂಶವೃಕ್ಷಕ್ಕೆ ಮೈದುನ ಆಗಲೇ ಅರ್ಜಿ ಕೊಟ್ಟಿದ್ದಾನಂತೆ.

ಅಧಿಕಾರಿ: ಹಾಗಾದರೆ ಬ್ಯಾಂಕು ಆಮೇಲೆ. ನಾಳೆ ಬೆಳಿಗ್ಗೆಯೇ ಗ್ರಾಮ ಆಡಳಿತಾಧಿಕಾರಿಗೂ ನಾಡಕಚೇರಿಗೂ ಲಿಖಿತ ತಕರಾರು ಕೊಡಿ. ಮಕ್ಕಳ ಆಧಾರ್, ನಿಮ್ಮ ರೇಷನ್ ಕಾರ್ಡ್ ಜೆರಾಕ್ಸ್ ಲಗತ್ತಿಸಿ. ನಿಮ್ಮ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.