ಪದಚರ್ಚೆ: ಲ್ಯಾಪ್‌ಟಾಪಿನ ‘ಅಭಿವೃದ್ಧಿ’ ಎಂದರೆ ಏನು?

ಹಾಸನದಲ್ಲಿ ಬಿ.ಕಾಂ. ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಪಾಠದ ಟಿಪ್ಪಣಿ ಬರೆಯುತ್ತಿದ್ದೇನೆ. ಪರ್ಸನಲ್ ಕಂಪ್ಯೂಟರ್ ಉದ್ಯಮ ದೇಶದಿಂದ ದೇಶಕ್ಕೆ ಹರಡಿದ ಬಗೆ ಅದರ ವಿಷಯ. ‘ರಿಸರ್ಚ್ ಅಂಡ್ ಡೆವಲಪ್‌ಮೆಂಟ್’ ಎಂಬುದಕ್ಕೆ ಪತ್ರಿಕೆಗಳ ರೂಢಿಯಂತೆ ‘ಸಂಶೋಧನೆ ಮತ್ತು ಅಭಿವೃದ್ಧಿ’ ಎಂದೇ ಹಾಕಿದ್ದೆ. ‘ಲ್ಯಾಪ್‌ಟಾಪ್ ಅಭಿವೃದ್ಧಿ ತೈವಾನಿಗೆ ಹೋದದ್ದೇಕೆ?’ ಎಂಬ ಪ್ರಶ್ನೆಗೆ ಒಬ್ಬ ವಿದ್ಯಾರ್ಥಿನಿ, ಕಾರ್ಖಾನೆಗಳು ಬಂದ ಮೇಲೆ ರಸ್ತೆ, ವಿದ್ಯುತ್ ಎಲ್ಲ ಸುಧಾರಿಸಿ ತೈವಾನ್ ಅಭಿವೃದ್ಧಿ ಹೊಂದಿತು ಎಂದು ಒಂದು ಪುಟ ಬರೆದಿದ್ದಾಳೆ. ಅವಳನ್ನು ದೂರುವಂತಿಲ್ಲ. ನಮ್ಮಲ್ಲಿ ಅಭಿವೃದ್ಧಿ ಎಂದರೆ ಚತುಷ್ಪಥ ರಸ್ತೆ, ಶಾಸಕರ ನಿಧಿ, ನಗರಾಭಿವೃದ್ಧಿ ಪ್ರಾಧಿಕಾರ.

ಬೇರೆ ಉದ್ಯಮವಾಗಿದ್ದರೆ ಜೋಡುಪದವನ್ನು ಹಾಗೆಯೇ ಬಿಟ್ಟುಬಿಡುತ್ತಿದ್ದೆ. ಇಲ್ಲಿ ಆ ಎರಡು ಕೆಲಸಗಳು ಬೇರೆ ಬೇರೆ ದಿಕ್ಕು ಹಿಡಿದಿವೆ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲೇ ಪ್ರೊಸೆಸರ್ ಇಂಟೆಲ್‌ನದು, ಕಾರ್ಯಾಚರಣ ವ್ಯವಸ್ಥೆ ಮೈಕ್ರೋಸಾಫ್ಟ್‌ನದು. ಮುಂದೆ ಲ್ಯಾಪ್‌ಟಾಪ್ ಕಾಲಕ್ಕೆ ಕ್ವಾಂಟಾ, ಕಾಂಪಾಲ್‌ನಂಥ ತೈವಾನಿನ ಕಂಪನಿಗಳು ಡೆಲ್, ಎಚ್‌ಪಿಗಳಿಗೆ ಯಂತ್ರ ಮಾಡಿಕೊಡತೊಡಗಿದವು. ಯಾರಿಗೆ ಮಾರಬೇಕು, ಎಂಥದ್ದು ಬೇಕು ಎಂಬ ಯೋಚನೆ ಅಮೆರಿಕದಲ್ಲಿಯೇ ಉಳಿಯಿತು. ಚಿಪ್ಪಿನ ಮೂಲ ಸಂಶೋಧನೆಯೂ ಬಹುಪಾಲು ಅಲ್ಲಿಯೇ. ಆದರೆ ಮಾದರಿ ಮಾಡಿ ನೋಡುವುದು, ಬಿಜಾಗರಿಯನ್ನು ಸಾವಿರಾರು ಸಲ ತೆರೆದು ಮುಚ್ಚಿ ಪರೀಕ್ಷಿಸುವುದು, ಬಿಸಿಗಾಳಿ ಹೊರಹೋಗುವ ದಾರಿಯನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಬಿಸಿ ಅಳೆಯುವುದು, ಇವೆಲ್ಲ ಕಾರ್ಖಾನೆಯ ಪಕ್ಕದಲ್ಲಿದ್ದರೇ ಚೆನ್ನ. ತಪ್ಪು ಕಂಡ ದಿನವೇ ಅಚ್ಚನ್ನು ತಿದ್ದಬಹುದು. 2001ರಲ್ಲಿ ತೈವಾನ್ ತನ್ನ ಕಂಪನಿಗಳಿಗೆ ಚೀನಾದಲ್ಲಿ ಲ್ಯಾಪ್‌ಟಾಪ್ ತಯಾರಿಸಲು ಅನುಮತಿ ಕೊಟ್ಟಾಗ ಕಾರ್ಖಾನೆಗಳು ಶಾಂಘೈ, ಸುಝೌ, ಕುನ್‌ಶಾನ್ ಸುತ್ತ ನೆಲೆಸಿದವು. ಅವುಗಳ ಬೆನ್ನಿಗೆ ಈ ಪರೀಕ್ಷೆ, ತಿದ್ದುಪಡಿಯ ಕೆಲಸವೂ ಅತ್ತ ಸರಿಯಿತು. ನನಗೆ ಹೆಸರು ಬೇಕಿರುವುದು ಈ ಕೆಲಸಕ್ಕೆ.

‘ವಿನ್ಯಾಸ’ ಎಂದರೆ ಕಾಗದದ ಮೇಲಿನ ಚಿತ್ರಕ್ಕೇ ನಿಂತುಬಿಡುತ್ತದೆ. ‘ರೂಪಣೆ’ಯನ್ನು ‘ನಿರೂಪಣೆ’ಯ ಮುದ್ರಣದೋಷ ಎಂದುಕೊಳ್ಳುವವರೇ ಹೆಚ್ಚು. ನನ್ನ ಒಲವು ‘ಹದಗೊಳಿಸುವಿಕೆ’ಯ ಕಡೆಗೆ. ಮಾಡು, ನೋಡು, ತಿದ್ದು, ಮತ್ತೆ ಮಾಡು ಎಂಬುದೆಲ್ಲ ‘ಹದ’ದಲ್ಲಿ ಅಡಗಿದೆ. ಸಹೋದ್ಯೋಗಿಯೊಬ್ಬರು ಮಾತ್ರ, ಇದರಲ್ಲಿ ಅಡುಗೆಮನೆಯ ವಾಸನೆ ಬರುತ್ತದೆ, ಪರೀಕ್ಷಾ ಮಂಡಳಿ ಒಪ್ಪುವುದಿಲ್ಲ ಎನ್ನುತ್ತಾರೆ.

ಇನ್ನೊಂದು ತೊಡಕು. ಇನ್ನೊಬ್ಬರ ಹೆಸರಿನಲ್ಲಿ ಮಾರಾಟವಾಗುವ ಯಂತ್ರವನ್ನು ತಾವೇ ರೂಪಿಸಿ, ತಾವೇ ತಯಾರಿಸುವ ಕ್ವಾಂಟಾದಂಥವರನ್ನು ಏನೆನ್ನೋಣ? ‘ಗುತ್ತಿಗೆ ತಯಾರಕ’ ಎಂದರೆ ಕೊಟ್ಟ ನಕ್ಷೆಯಂತೆ ಮಾಡಿಕೊಡುವವನು. ‘ಗುತ್ತಿಗೆದಾರ’ ಎಂದರಂತೂ ಲೋಕೋಪಯೋಗಿ ಇಲಾಖೆಯೇ ನೆನಪಾಗುತ್ತದೆ. ‘ಜೋಡಣೆದಾರ’ ಇನ್ನೂ ಕಷ್ಟ. ಇಲ್ಲಿನ ಅಂಗಡಿಗಳಲ್ಲಿ ‘ಅಸೆಂಬಲ್ ಮಾಡಿದ್ದು ಬೇಕೋ, ಕಂಪನಿಯದು ಬೇಕೋ?’ ಎಂದು ಕೇಳುತ್ತಾರೆ. ಅಸೆಂಬಲ್ ಎಂದರೆ ಅಂಗಡಿಯವನೇ ಬಿಡಿಭಾಗ ತರಿಸಿ ಕೂಡಿಸಿದ ಅಗ್ಗದ ಯಂತ್ರ. ‘ಕಂಪನಿಯದು’ ಕೂಡ ಬೇರೆಯವರೇ ಕೂಡಿಸಿದ್ದು ಎಂದರೆ ವಿದ್ಯಾರ್ಥಿಗಳು ನಗುತ್ತಾರೆ, ನಂಬುವುದಿಲ್ಲ.

‘ಪರನಾಮ ತಯಾರಕ’ ಎಂಬುದೊಂದು ಹೊಳೆದಿದೆ. ಆದರೆ ರೂಪಿಸುವವರೂ ಅವರೇ ಎಂಬ ಅರ್ಥ ಅದರಲ್ಲಿ ಬರುವುದಿಲ್ಲ. ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸ ಮಾಡುವವರು ದಿನಬಳಕೆಯಲ್ಲಿ ಏನನ್ನುತ್ತಾರೆ? ನಿಘಂಟಿನ ಪದಕ್ಕಿಂತ ಅವರ ಬಾಯಿಯ ಪದ ಸಿಕ್ಕರೆ ಒಳ್ಳೆಯದು.